ಒದ್ದೆ ಮಣ್ಣು, ಒಣ ಮಣ್ಣು: ಸಹಪಾಠಿಯ ನಾಯಕಿ ಮತ್ತು ಖಳನ ವಿನ್ಯಾಸವನ್ನು ವಿಮರ್ಶಿಸಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಕರಾವಳಿಯ ಒಂದು ಕಾಲೇಜಿನ ಅನಿಮೇಶನ್ ವಿಭಾಗದಲ್ಲಿ, ನಾವು ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಾಗ. ಕಾಲೇಜಿನ ಹೆಸರನ್ನೂ ಸಂಬಂಧಪಟ್ಟವರ ಹೆಸರುಗಳನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪಾತ್ರಗಳನ್ನು ರಚಿಸಿದ ಸಹಪಾಠಿಯನ್ನು ‘ವಿನ್ಯಾಸಕಿ’ ಎಂದೂ ನಮಗೆ ಪಾಠ ಮಾಡುತ್ತಿದ್ದವರನ್ನು ‘ಮೇಡಂ’ ಎಂದೂ ಕರೆಯುತ್ತೇನೆ. ವಿಮರ್ಶೆ ಮಾಡಿದವರಲ್ಲಿ ನಾನೂ ಒಬ್ಬ. ಮುಂದೆ ವಿವರಿಸಲಿರುವ ಎರಡು ತಪ್ಪು ತಿರುವುಗಳಲ್ಲಿ ಒಂದಕ್ಕೆ ನನ್ನ ಮಾತೇ ಕಾರಣವಾಗಿತ್ತು. ವಿನ್ಯಾಸಕಿ ಈ ಬರಹವನ್ನು ಓದಿ, ಒಂದೆರಡು ಕಡೆ ತಿದ್ದಿ, ಒಪ್ಪಿಗೆ ಕೊಟ್ಟಿದ್ದಾಳೆ.

ಆ ಅವಧಿಯ ಮುಖ್ಯ ಕೆಲಸ ಕ್ಯಾರೆಕ್ಟರ್ ಡಿಸೈನ್. ಐದು ನಿಮಿಷದ ಒಂದು ಚಿತ್ರಕ್ಕೆ ಬೇಕಾಗುವ ನಾಯಕ ಅಥವಾ ನಾಯಕಿಯನ್ನೂ ಖಳನನ್ನೂ, ಕಥೆಯ ಸಾರಾಂಶದಿಂದ ಹಿಡಿದು ಬಣ್ಣದ ಅಂತಿಮ ಹಾಳೆಯವರೆಗೆ, ಆರು ವಾರಗಳಲ್ಲಿ ಮುಗಿಸಬೇಕಿತ್ತು. ಪ್ರತಿ ಶುಕ್ರವಾರ ಮಧ್ಯಾಹ್ನ ಎಲ್ಲರೂ ತಮ್ಮ ಹಾಳೆಗಳನ್ನು ಗೋಡೆಗೆ ಅಂಟಿಸಬೇಕು, ಉಳಿದವರು ಒಂದೊಂದರ ಮುಂದೆಯೂ ನಿಂತು ಮಾತನಾಡಬೇಕು ಎಂಬುದು ಪದ್ಧತಿ.

ವಿನ್ಯಾಸಕಿ ಕೋಲಾರದ ಕಡೆಯವಳು. ಸದಾ ಹರಿಯುವ ನದಿಯಿಲ್ಲದ ಆ ಸೀಮೆಯಲ್ಲಿ ಬೇಸಾಯ ನಿಂತದ್ದೇ ಕೆರೆಗಳ ಮೇಲೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲಿನ ಕೋಲಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಕೆರೆಯ ನೀರಿಗೆ ಊರು ನೇಮಿಸಿಕೊಂಡಿದ್ದ ಕಾವಲುಗಾರನೇ ನೀರುಗಂಟಿ. ತೂಬು ತೆರೆದು ಮುಚ್ಚುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಮಳೆಗಾಲದಲ್ಲಿ ಏರಿಯ ಮೇಲೆ ಕಣ್ಣಿಟ್ಟಿರುವುದು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯದ ಪಾಲು ಅವನ ಸಂಬಳ. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದಿತ್ತು. ಕೊಳವೆಬಾವಿಗಳು ಬಂದು, ಕೆರೆಗಳಲ್ಲಿ ಹೂಳು ತುಂಬಿ, ಸಾವಿರ ಅಡಿ ಕೊರೆದರೂ ನೀರು ಸಿಗುವ ಭರವಸೆಯಿಲ್ಲದ ಸ್ಥಿತಿ ಬಂದ ಮೇಲೆ ನೀರುಗಂಟಿಗೆ ಹಂಚಲು ನೀರೇ ಉಳಿಯಲಿಲ್ಲ. ವಿನ್ಯಾಸಕಿಯ ಕಥೆ ಇಲ್ಲಿಂದಲೇ ಹುಟ್ಟಿತ್ತು: ಊರಿನ ಕೊನೆಯ ನೀರುಗಂಟಿಯ ಹದಿನಾಲ್ಕು ವರ್ಷದ ಮೊಮ್ಮಗಳು ನಾಯಕಿ, ಸಾಲು ಸಾಲು ಬೋರ್ ಕೊರೆಸಿ, ನೀರನ್ನು ಟ್ಯಾಂಕರಿಗೆ ತುಂಬಿ ಮಾರುವವನು ಖಳ.

ಕಥೆ ಗಟ್ಟಿಯಾಗಿತ್ತು. ಅದನ್ನು ಓದಿ ಹೇಳಿದ ದಿನ ತರಗತಿಯಲ್ಲಿ ಯಾರೂ ಮಿಸುಕಲಿಲ್ಲ. ಆದರೆ ಮೊದಲ ವಾರದ ಕೊನೆಗೆ ಗೋಡೆಗೆ ಬಂದ ಚಿತ್ರಗಳಲ್ಲಿ ಆ ಕಥೆ ಇರಲಿಲ್ಲ.

ಗೋಡೆಯ ಮೇಲೆ ಕಂಡದ್ದು

ನಾಯಕಿಗೆ ಅಚ್ಚ ನೀಲಿ ಬಣ್ಣದ ಲಂಗ-ದಾವಣಿ, ಅಂಚಿಗೆ ಚಿನ್ನದ ಬಣ್ಣ, ಕಾಲಿಗೆ ಗೆಜ್ಜೆ, ಗೋಧಿಯಿಂದ ಒಂದು ಪಟ್ಟು ತಿಳಿಯಾದ ಮೈಬಣ್ಣ, ಕೈಯಲ್ಲಿ ಹೊಳೆಯುವ ದಂಡ. ಖಳ ಅವಳ ಎರಡರಷ್ಟು ಎತ್ತರ. ನೇರಳೆ ಬೆರೆತ ಕಪ್ಪು ಮೈ, ಎಡಗೆನ್ನೆಯ ಮೇಲೆ ಗಾಯದ ಕಲೆ, ಕೆಂಪು ಕಣ್ಣು, ನೆಲ ಮುಟ್ಟುವ ಕಡುಗೆಂಪು ನಿಲುವಂಗಿ. ಗೆರೆಗಳಲ್ಲಿ ಹಿಡಿತವಿತ್ತು, ಬಟ್ಟೆಯ ಮಡಿಕೆಗಳನ್ನು ಅವಳಷ್ಟು ಚೆನ್ನಾಗಿ ಬರೆಯುವವರು ನಮ್ಮ ತರಗತಿಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ ಆ ಇಬ್ಬರನ್ನು ಎತ್ತಿ ಬೇರೆ ಯಾವುದೇ ಕಥೆಯೊಳಗೆ ಇಟ್ಟರೂ ಅವರು ಹಾಗೆಯೇ ನಡೆಯುತ್ತಿದ್ದರು. ಅವಳು ಕೆರೆಯ ಹುಡುಗಿ ಎಂಬುದಕ್ಕೆ ನೀಲಿಯೊಂದೇ ಸುಳಿವು. ಅವನು ನೀರು ಮಾರುವವನು ಎಂಬುದಕ್ಕೆ ಸುಳಿವೇ ಇರಲಿಲ್ಲ.

ಮೊದಲ ಶುಕ್ರವಾರದ ವಿಮರ್ಶೆಯನ್ನು ನಾನು ಮನೆಗೆ ಹೋದ ಮೇಲೆ ಬರೆದಿಟ್ಟುಕೊಂಡಿದ್ದೆ. ಮೂವರು “ಚೆನ್ನಾಗಿದೆ” ಎಂದು ಮುಂದೆ ಹೋದರು. ಒಬ್ಬ “ಕೆಂಪು ಜಾಸ್ತಿಯಾಯ್ತು” ಎಂದ, ಇನ್ನೊಬ್ಬಳು “ಖಳ ತುಂಬ ಮಾಮೂಲಿ” ಎಂದಳು, ಮತ್ತೊಬ್ಬ ಅವಳನ್ನು ಕೇಳದೆಯೇ ಅವಳ ಫೈಲನ್ನು ತನ್ನ ಟ್ಯಾಬ್ಲೆಟ್ಟಿನಲ್ಲಿ ತೆರೆದು, ಹತ್ತೇ ನಿಮಿಷದಲ್ಲಿ ಖಳನ ನಿಲುವಂಗಿಗೆ ಹಸಿರು ಬಳಿದು, “ನೋಡು, ಹೀಗಿದ್ರೆ ಎಷ್ಟು ಚೆನ್ನಾಗಿರುತ್ತೆ” ಎಂದು ತೋರಿಸಿದ. ವಿನ್ಯಾಸಕಿ “ಹೂಂ” ಎಂದಳು. ಮುಂದಿನ ಶುಕ್ರವಾರ ಅವಳು ಹಾಳೆ ಅಂಟಿಸಲಿಲ್ಲ, ತರಗತಿಗೂ ಬರಲಿಲ್ಲ.

ಇದು ಮೊದಲ ತಪ್ಪು ತಿರುವು. ಹೇಳಿದ ಮಾತುಗಳಲ್ಲಿ ಸುಳ್ಳೇನೂ ಇರಲಿಲ್ಲ. ಕೆಂಪು ಹೆಚ್ಚೇ ಆಗಿತ್ತು, ಖಳ ಮಾಮೂಲಿಯೇ ಆಗಿದ್ದ. ಆದರೆ ಯಾವುದಕ್ಕೆ ಹೆಚ್ಚು, ಯಾವುದರ ಎದುರು ಮಾಮೂಲಿ ಎಂದು ಯಾರೂ ಹೇಳಲಿಲ್ಲ. ಕೆಲಸ ಮಾಡುವವರ ಕೈಗೆ ಹಿಡಿತ ಸಿಗದ ತೀರ್ಪುಗಳವು. ಇನ್ನೊಬ್ಬರ ಚಿತ್ರದ ಮೇಲೆ ಬಣ್ಣ ಬಳಿದು ತೋರಿಸುವುದನ್ನಂತೂ ನಾನು ಇಂದಿಗೂ ಒಪ್ಪುವುದಿಲ್ಲ. ಅದರಿಂದ ಬಳಿದವನ ಇಷ್ಟಾನಿಷ್ಟ ತಿಳಿಯುತ್ತದೆಯೇ ಹೊರತು ಬರೆದವಳ ಸಮಸ್ಯೆ ತಿಳಿಯುವುದಿಲ್ಲ. ಅಷ್ಟೇ ಅಲ್ಲದೆ, ಆಮೇಲೆ ಅವಳು ಹಸಿರನ್ನು ತಾನಾಗಿಯೇ ಆರಿಸಿಕೊಂಡರೂ ಅದು ಅವಳದಾಗಿ ಉಳಿಯುವುದಿಲ್ಲ.

ಬಣ್ಣ ತೆಗೆದು ನೋಡಿದಾಗ

ಮೇಡಂ ಆ ವಾರ ನಮ್ಮನ್ನು ಕೂರಿಸಿಕೊಂಡು ವಿಮರ್ಶೆಯ ಕ್ರಮವನ್ನೇ ಬದಲಿಸಿದರು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರ ಸುಮಾರಿಗೆ ರೂಪಿಸಿದ ನಾಲ್ಕು ಹಂತಗಳ ವಿಧಾನವೊಂದಿದೆ. ಮೊದಲು ನೋಡಿದವರು ತಮಗೆ ಏನು ತಾಗಿತು, ಏನು ಅರ್ಥವಾಯಿತು ಎಂದಷ್ಟೇ ಹೇಳಬೇಕು. ಆಮೇಲೆ ಕಲಾವಿದೆ ತನಗೆ ಬೇಕಾದ್ದನ್ನು ಕೇಳಬೇಕು. ಮೂರನೆಯದಾಗಿ ನೋಡಿದವರು ಅಭಿಪ್ರಾಯವನ್ನು ಒಳಗೆ ತುರುಕದ ಪ್ರಶ್ನೆಗಳನ್ನು ಕೇಳಬೇಕು. ಕೊನೆಗೆ, ಅವಳು ಒಪ್ಪಿದರೆ ಮಾತ್ರ, ಅಭಿಪ್ರಾಯ ಹೇಳಬಹುದು. ಇದರ ಜೊತೆಗೆ ಮೇಡಂ ತಮ್ಮದೊಂದು ನಿಯಮ ಸೇರಿಸಿದರು: ಬಣ್ಣದ ಬಗ್ಗೆ ಬಾಯಿ ತೆರೆಯುವ ಮೊದಲು ಚಿತ್ರವನ್ನು ಬಣ್ಣವಿಲ್ಲದೆ ನೋಡಬೇಕು.

ವಿನ್ಯಾಸಕಿಯನ್ನು ಮತ್ತೆ ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಹಾಸ್ಟೆಲಿನ ಎದುರಿನ ಕ್ಯಾಂಟೀನಿನಲ್ಲಿ ಕುಳಿತು, “ಈ ಸಲ ಯಾರೂ ಮೇಲೆ ಬಳಿಯುವುದಿಲ್ಲ ಮಾರಾಯ್ತಿ, ಬಾ” ಎಂದೆ. “ಬಳಿದಿದ್ದಕ್ಕಲ್ಲ ಬೇಜಾರು. ನನ್ನ ಕಥೆ ಏನು ಅಂತ ಒಬ್ರೂ ಕೇಳಲಿಲ್ವಲ್ಲ” ಎಂದಳು.

ಮೂರನೆಯ ಶುಕ್ರವಾರ ನಾವು ಅವಳ ಎರಡು ಹಾಳೆಗಳನ್ನು ಕಂಪ್ಯೂಟರಿನಲ್ಲಿ ತೆರೆದು, ವರ್ಣವನ್ನೆಲ್ಲ ಕಳೆದು ಬೂದುಬಣ್ಣಕ್ಕೆ ಇಳಿಸಿದೆವು. ಯಾವುದೇ ಬಣ್ಣಕ್ಕೆ ಮೂರು ಗುಣಗಳಿರುತ್ತವೆ: ಕೆಂಪೋ ನೀಲಿಯೋ ಎಂಬ ವರ್ಣ, ಎಷ್ಟು ತಿಳಿ ಎಷ್ಟು ಗಾಢ ಎಂಬ ವ್ಯಾಲ್ಯೂ, ಎಷ್ಟು ಅಚ್ಚ ಎಷ್ಟು ಮಾಸಲು ಎಂಬ ಸ್ಯಾಚುರೇಶನ್. ಅಮೆರಿಕದ ಚಿತ್ರಕಲಾ ಶಿಕ್ಷಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಅಳೆಯುವ ಕ್ರಮವನ್ನು ಮುಂದಿಟ್ಟ ಮೇಲೆ ಬಣ್ಣದ ಪಾಠ ಬಹುಮಟ್ಟಿಗೆ ಆ ಹಾದಿಯಲ್ಲೇ ನಡೆದಿದೆ. ನಾವು ಬಣ್ಣ ಆರಿಸುವಾಗ ಮೊದಲನೆಯದಕ್ಕೆ ಮರುಳಾಗುತ್ತೇವೆ. ದೂರದಿಂದ, ಮಂದ ಬೆಳಕಿನಲ್ಲಿ, ಓಡುವ ಚಿತ್ರದಲ್ಲಿ ಪಾತ್ರವನ್ನು ಹಿಡಿದು ನಿಲ್ಲಿಸುವುದು ಎರಡನೆಯದು.

ಪರದೆಯ ಮೇಲೆ ಕಂಡದ್ದು ನಮ್ಮನ್ನು ಸುಮ್ಮನಾಗಿಸಿತು. ಸೊನ್ನೆಯನ್ನು ಕಪ್ಪು, ನೂರನ್ನು ಬಿಳಿ ಎಂದಿಟ್ಟುಕೊಂಡರೆ ನಾಯಕಿಯ ನೀಲಿ ಲಂಗದ ತಿಳಿತನ 45 ಇತ್ತು, ಖಳನ ಕೆಂಪು ನಿಲುವಂಗಿಯದು 43. ಬಣ್ಣದಲ್ಲಿ ನೀರು ಮತ್ತು ಬೆಂಕಿಯಂತೆ ಕಂಡಿದ್ದ ಎರಡು ಬಟ್ಟೆಗಳು ಬೂದುಬಣ್ಣದಲ್ಲಿ ಒಂದೇ ತಾನಿನಿಂದ ಕತ್ತರಿಸಿದಂತಿದ್ದವು. ಇಬ್ಬರನ್ನೂ ಬೇರ್ಪಡಿಸುತ್ತಿದ್ದದ್ದು ಒಂದೇ ಒಂದು: ಅವಳ ಮುಖ ಬೆಳ್ಳಗಿತ್ತು, ಅವನ ಮುಖ ಕಪ್ಪಗಿತ್ತು.

ಅದನ್ನು ಮೊದಲು ಹೇಳಿದ್ದು ವಿನ್ಯಾಸಕಿಯೇ. “ಹಾಗಾದ್ರೆ ನಾನು ಬರೆದಿರೋದು ಇಷ್ಟೇನಾ? ಬಿಳಿ ಒಳ್ಳೇದು, ಕಪ್ಪು ಕೆಟ್ಟದ್ದು?” ಎಂದು ಅವಳು ಮೆಲ್ಲಗೆ ಕೇಳಿದಳು. ನೀರುಗಂಟಿಯ ಮೊಮ್ಮಗಳನ್ನು, ದಿನವಿಡೀ ಬಿಸಿಲಲ್ಲಿ ಏರಿಯ ಮೇಲೆ ಓಡಾಡುವವಳನ್ನು, ಬೆಳ್ಳಗೆ ಬರೆದು ಚಿನ್ನದ ಅಂಚು ಹಾಕಿದ್ದೇಕೆ ಎಂಬುದಕ್ಕೆ ಅವಳ ಬಳಿ ಉತ್ತರವಿರಲಿಲ್ಲ; ಕೈ ಅದನ್ನು ತಾನಾಗಿಯೇ ಬರೆದಿತ್ತು. ನಮ್ಮಲ್ಲಿ ಯಾರ ಕೈಯಾದರೂ ಅದನ್ನೇ ಬರೆಯುತ್ತಿತ್ತು ಎಂಬುದನ್ನು ಆ ದಿನ ಗೋಡೆಯ ಮೇಲಿದ್ದ ಉಳಿದ ಖಳರೂ ಸಾರಿ ಹೇಳುತ್ತಿದ್ದರು. ರಾಮನನ್ನೂ ಕೃಷ್ಣನನ್ನೂ ಶ್ಯಾಮವರ್ಣದವರೆಂದು ಹಾಡಿಕೊಂಡು ಬಂದ ನಾಡಿನಲ್ಲಿ, ಖಳ ಎಂದ ಕೂಡಲೇ ಕೈ ಕಪ್ಪಿನ ಕಡೆಗೆ ಹೋಗುವುದು ಯಾಕೆ ಎಂದು ಮೇಡಂ ಕೇಳಿದರು. ಕೆನ್ನೆಯ ಗಾಯದ ಕಲೆಯ ಬಗ್ಗೆಯೂ ಅದೇ ಪ್ರಶ್ನೆ ಬಂತು: ಕಥೆಯಲ್ಲಿ ಎಲ್ಲಿಯೂ ಇಲ್ಲದ ಗಾಯ ಮುಖದ ಮೇಲೆ ಮಾತ್ರ ಯಾಕಿದೆ?

ನನ್ನ ಸಲಹೆ ಮತ್ತು ಅದು ಕೆಡಿಸಿದ್ದು

ನಾಲ್ಕನೆಯ ಹಂತ ಬಂದಾಗ ಅವಳು ನನ್ನ ಅಭಿಪ್ರಾಯ ಕೇಳಿದಳು. “ಅದಲುಬದಲು ಮಾಡು. ಹುಡುಗಿಯನ್ನು ಕಪ್ಪಗೆ ಬರೆ, ಅವನನ್ನು ಬೆಳ್ಳಗೆ ಬರೆ, ಬಟ್ಟೆಯೂ ಬಿಳಿಯೇ ಇರಲಿ” ಎಂದೆ. ಹೇಳುವಾಗ ಅದು ನ್ಯಾಯವಾದ ಮಾತೆಂದೇ ನಂಬಿದ್ದೆ.

ಅವಳು ನಾಲ್ಕು ದಿನ ಕೂತು ಹಾಗೆಯೇ ಮಾಡಿದಳು. ಹೊಸ ಹಾಳೆಯಲ್ಲಿ ಕಪ್ಪು ಹುಡುಗಿ, ಹಾಲುಬಿಳುಪಿನ ಖಳ. ವ್ಯಾಲ್ಯೂವಿನ ಅಂತರ ಈಗ ಬೇಕಾದಷ್ಟಿತ್ತು, ಬೂದುಬಣ್ಣದಲ್ಲಿ ಇಬ್ಬರೂ ಎದ್ದು ಕಾಣುತ್ತಿದ್ದರು. ಆದರೂ ಹಾಳೆ ಸತ್ತಂತಿತ್ತು. ಮೊದಲನೆಯದರಲ್ಲಿ ಮೈಬಣ್ಣ ಪಾತ್ರದ ಗುಣವನ್ನು ಹೇಳುತ್ತಿತ್ತು, ಎರಡನೆಯದರಲ್ಲಿಯೂ ಅದೇ ಹೇಳುತ್ತಿತ್ತು. ಬೇಲಿ ಅಲ್ಲೇ ಇತ್ತು, ನಾವು ಅದರ ಆಚೆ ಬದಿಗೆ ಹೋಗಿ ನಿಂತಿದ್ದೆವು ಅಷ್ಟೆ. ಕೆರೆ, ನೀರು, ಬೋರ್, ಟ್ಯಾಂಕರ್, ಇವು ಯಾವುವೂ ಇನ್ನೂ ಚಿತ್ರದೊಳಗೆ ಬಂದಿರಲಿಲ್ಲ. ಆರು ವಾರಗಳಲ್ಲಿ ಮೂರೂವರೆ ವಾರ ಆಗಲೇ ಕಳೆದಿತ್ತು. ಹಾಗಾಗಿ ನಾನು ಮಾಡಿಸಿದ ನಾಲ್ಕು ದಿನದ ವ್ಯರ್ಥ ಕೆಲಸ ಸಣ್ಣ ನಷ್ಟವಲ್ಲ. ಬಣ್ಣ ಯಾವುದಿರಬೇಕು ಎಂಬ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದೆ. ಬಣ್ಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಅವಳಿಗೆ ಕೇಳಿರಲೇ ಇಲ್ಲ.

ಖಳ ಊರಿಗೆ ಏನು ಕೊಟ್ಟ?

ನಿಜವಾದ ತಿರುವು ತರಗತಿಯ ಹೊರಗೆ ಸಿಕ್ಕಿತು. ಚಿತ್ರವನ್ನು ಪಕ್ಕಕ್ಕಿಟ್ಟು, ಮೂರು ಪ್ರಶ್ನೆಗಳಿಗೆ ಬರೀ ಮಾತಿನಲ್ಲಿ ಉತ್ತರ ಹೇಳುವಂತೆ ಮೇಡಂ ಅವಳಿಗೆ ಸೂಚಿಸಿದ್ದರು. ಬರೆದುಕೊಳ್ಳುವ ಕೆಲಸ ನನ್ನದು. ಖಳ ಊರಿಗೆ ಏನು ಕೊಟ್ಟ? ಅವನಿಂದ ಏನು ಹೋಯಿತು? ಅವನೂ ಹುಡುಗಿಯೂ ಒಂದೇ ಥರ ಇರುವುದು ಯಾವುದರಲ್ಲಿ?

ಮೊದಲ ಪ್ರಶ್ನೆಗೆ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತನ್ನ ಊರಿನಲ್ಲಿ ಬೋರ್ ಕೊರೆದ ದಿನದ ಕಥೆ ಹೇಳಿದಳು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದಲ್ಲಿ ನಡೆದು, ಕಾಯಿ ಎದ್ದು ನಿಂತ ಜಾಗವನ್ನು ಗುರುತು ಮಾಡಿದವರು. ಅಲ್ಲಿ ಅರಿಶಿನ-ಕುಂಕುಮ ಹಚ್ಚಿ ಪೂಜೆ ಮಾಡಿದ ಅಮ್ಮ. ರಾತ್ರಿ ಬಂದು ನಿಂತ ರಿಗ್ ಲಾರಿ. ಕೊರೆಯಲು ಶುರು ಮಾಡಿದ ಮೇಲೆ ಕಲ್ಲಿನ ಪುಡಿ ಹೊಗೆಯಂತೆ ಎದ್ದು ಹೊಂಗೆ ಮರದ ಮೇಲೆ, ಕಣದ ಮೇಲೆ, ನೋಡುತ್ತಾ ನಿಂತವರ ರೆಪ್ಪೆಯ ಮೇಲೆ ಕೂತಿತು. ಪುಡಿ ಒಣಗಿದ್ದಷ್ಟು ಹೊತ್ತೂ ನೀರಿಲ್ಲ ಎಂದರ್ಥ. ಪುಡಿ ಕೆಸರಾಗಿ ಬಂದರೆ ನೀರು ಸಿಕ್ಕಿತೆಂದರ್ಥ. “ನಮ್ಮಪ್ಪ ಇಡೀ ರಾತ್ರಿ ಆ ಪುಡೀನೇ ಕೈಯಲ್ಲಿ ಹಿಡಿದು ಹಿಡಿದು ನೋಡ್ತಿದ್ರು, ಒದ್ದೆ ಆಯ್ತಾ ಅಂತ” ಎಂದಳು. ಬೆಳಗಿನ ಜಾವ ನೀರು ಚಿಮ್ಮಿದಾಗ ಊರಿನವರೆಲ್ಲ ಅದರ ಕೆಳಗೆ ನಿಂತು ನೆನೆದರು. ಕೊರೆಸಲು ಸಾಲ ಕೊಟ್ಟವನು ಆ ದಿನ ಊರಿಗೆ ದೇವರಂತೆ ಕಂಡಿದ್ದ. ಮೂರನೆಯ ಬೇಸಿಗೆಗೆ ಬೋರ್ ಬತ್ತಿತು. ಆಮೇಲೆ ಅವನೇ ಟ್ಯಾಂಕರ್ ಕಳಿಸಲು ಶುರು ಮಾಡಿದ, ದುಡ್ಡಿಗೆ.

ಈ ಮಾತುಗಳನ್ನು ಬರೆದುಕೊಳ್ಳುತ್ತಿದ್ದಾಗ ನಮ್ಮಿಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು ಎಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ನಾನು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ; ‘ಒದ್ದೆ ಆಯ್ತಾ’ ಎಂಬಲ್ಲಿ ಅವಳು ನನ್ನನ್ನು ತಡೆದು, ಎದ್ದು ಹೋಗಿ, ಹಾಸ್ಟೆಲಿನ ಹಿತ್ತಲಿನ ಮಣ್ಣನ್ನು ಎರಡು ತಟ್ಟೆಗಳಲ್ಲಿ ತಂದು, ಒಂದಕ್ಕೆ ನೀರು ಸುರಿದಳು. ಒಂದೇ ಮಣ್ಣು. ಒಣಗಿದ್ದು ಮಾಸಲು, ತಿಳಿ. ನೆನೆದದ್ದು ಕಡು, ತುಂಬಿದ ಬಣ್ಣ. ಒಣ ಮಣ್ಣಿನ ಕಣಗಳ ನಡುವೆ ಗಾಳಿ ಇರುವುದರಿಂದ ಬೆಳಕು ಚದುರಿ ಬೇಗ ನಮ್ಮ ಕಣ್ಣಿಗೆ ಮರಳುತ್ತದೆ. ಆ ಸಂದುಗಳಿಗೆ ನೀರು ತುಂಬಿದಾಗ ಬೆಳಕು ಇನ್ನಷ್ಟು ಒಳಗೆ ಹೋಗಿ ಹೀರಿಕೊಳ್ಳಲ್ಪಡುತ್ತದೆ, ಹಾಗಾಗಿ ಮಣ್ಣು ಗಾಢವಾಗುತ್ತದೆ. ಕಥೆಗೆ ಬೇಕಾಗಿದ್ದ ಬಣ್ಣದ ವ್ಯವಸ್ಥೆ ಆ ಎರಡು ತಟ್ಟೆಗಳಲ್ಲಿ ಇತ್ತು. ನಾಯಕಿ ಮತ್ತು ಖಳನಿಗೆ ಬೇರೆ ಬೇರೆ ವರ್ಣ ಬೇಕಿಲ್ಲ. ಇಬ್ಬರೂ ಅದೇ ಊರಿನ ಮಣ್ಣು. ಅವಳು ಮುಟ್ಟಿದ್ದು ನೆನೆದು ಬಣ್ಣ ತುಂಬಿಕೊಳ್ಳುತ್ತದೆ. ಅವನು ಮುಟ್ಟಿದ್ದು ಒಣಗಿ ಬಣ್ಣ ಕಳೆದುಕೊಳ್ಳುತ್ತದೆ.

ಇಲ್ಲಿ ನನಗೆ ಪರಿಚಯವಿದ್ದ ಒಂದು ವಿಷಯ ಉಪಯೋಗಕ್ಕೆ ಬಂತು, ಈ ಬಾರಿ ಸಲಹೆಯಾಗಿ ಅಲ್ಲ, ಹೋಲಿಕೆಯಾಗಿ. ನಾನು ಯಕ್ಷಗಾನ ನೋಡುತ್ತಾ ಬೆಳೆದವನು. ಅದರ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ಅಕ್ಕಿಹಿಟ್ಟು-ಸುಣ್ಣ ಕಲಸಿದ ಹಿಟ್ಟಿನಿಂದ ಮುಖದ ಮೇಲೆ ಗಂಟೆಗಟ್ಟಲೆ ಚುಟ್ಟಿ ಇಡುವುದನ್ನೂ, ರಾಳದ ಬೆಂಕಿಯ ನಡುವೆ ಆ ರಾಕ್ಷಸ ರಂಗಕ್ಕೆ ಬರುವುದನ್ನೂ ಕಂಡಿದ್ದೇನೆ. ಅಲ್ಲಿ ಖಳನನ್ನು ಬೇರೆ ಮಾಡುವುದು ಒಂದು ಬಣ್ಣವಲ್ಲ, ಮುಖದ ಒಟ್ಟು ರಚನೆ, ಗಾತ್ರ, ಪ್ರವೇಶದ ಗತ್ತು. ಪಕ್ಕದ ಕೇರಳದ ಕಥಕಳಿಯಲ್ಲಿ ಇದು ಇನ್ನೂ ಸ್ಪಷ್ಟ: ಧೀರ ನಾಯಕರ ಪಚ್ಚ ವೇಷದ ಮುಖ ಹಸಿರು, ರಾವಣ, ಕೀಚಕರಂಥವರ ಕತ್ತಿ ವೇಷದ ಮುಖದ ತಳಬಣ್ಣವೂ ಅದೇ ಹಸಿರು. ಆ ಹಸಿರನ್ನು ಸೀಳಿಕೊಂಡು ಕೆನ್ನೆಯಿಂದ ಮೇಲೇಳುವ ಕೆಂಪು, ಮೂಗಿನ ತುದಿಯ ಬಿಳಿಯ ಉಂಡೆ, ಇವು ಅವನು ಎಲ್ಲಿ ದಾರಿ ತಪ್ಪಿದ ಎಂಬುದನ್ನು ತೋರಿಸುತ್ತವೆ. ಅವನ ದೊಡ್ಡತನವನ್ನು ವೇಷ ಕಿತ್ತುಕೊಳ್ಳುವುದಿಲ್ಲ. “ಅವನೂ ಹಸಿರೇನಾ?” ಎಂದು ವಿನ್ಯಾಸಕಿ ಎರಡು ಸಲ ಕೇಳಿದಳು. ತನ್ನ ಖಳನ ಮೈಬಣ್ಣವನ್ನು ನಾಯಕಿಯ ಮೈಬಣ್ಣವೇ ಮಾಡುವ ನಿರ್ಧಾರ ಅವಳು ಅಂದೇ ತೆಗೆದುಕೊಂಡಳು, ಮತ್ತು ಅದು ಅವಳದೇ ನಿರ್ಧಾರ.

ಹೊಸ ಹಾಳೆಗಳು

ನಾಲ್ಕನೆಯ ವಾರದ ಕೊನೆಗೆ ಗೋಡೆಗೆ ಬಂದ ನಾಯಕಿ ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲಂಗ, ಅಜ್ಜನ ಹಳೆಯ ಅಂಗಿ, ಹೆಗಲ ಮೇಲೆ ಸನಿಕೆ ಹೊತ್ತಿದ್ದಳು. ಲಂಗದ ಮುಖ್ಯ ಬಣ್ಣ ನೆನೆದ ಕೆಮ್ಮಣ್ಣು, ತಿಳಿತನ 29. ಖಳ ಈಗ ಊರಿನ ಯಾವುದೇ ಗಣ್ಯನಂತಿದ್ದ: ಸಾಧಾರಣ ಎತ್ತರ, ನಗುಮುಖ, ಬಿಳಿ ಅಂಗಿ, ಪಂಚೆ, ಆದರೆ ಆ ಬಿಳಿಯ ಮೇಲೆಲ್ಲ ಒಣ ಮಣ್ಣಿನ ಧೂಳು ಕೂತು ತಿಳಿತನ 72ರ ಮಾಸಲು ಮಣ್ಣುಬಣ್ಣವಾಗಿತ್ತು. ಎರಡೂ ಬಣ್ಣಗಳು ವರ್ಣಚಕ್ರದಲ್ಲಿ ಅಕ್ಕಪಕ್ಕದವು, ಕೆಂಪು-ಕಿತ್ತಳೆಯ ಒಳಗಿನವು. ಬೂದುಬಣ್ಣಕ್ಕೆ ಇಳಿಸಿದಾಗ ಅಂತರ 43 ಉಳಿಯುತ್ತಿತ್ತು, ಮತ್ತು ಈ ಸಲ ಆ ಅಂತರ ಇದ್ದದ್ದು ಬಟ್ಟೆಯಲ್ಲಿ, ಮುಖದಲ್ಲಲ್ಲ.

ಇದರ ಇನ್ನೊಂದು ಲಾಭವನ್ನು ನಾವು ಮೊದಲೇ ಯೋಚಿಸಿರಲಿಲ್ಲ. ಕೆಂಪು-ಹಸಿರು ಭೇದ ಕಾಣದ ವರ್ಣಾಂಧತೆ ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗಿದೆ. ನಮ್ಮಲ್ಲಿಯೂ ಅಂಥವರು ಪ್ರತಿ ಸಭಾಂಗಣದಲ್ಲಿ ಇದ್ದೇ ಇರುತ್ತಾರೆ. ಮೊದಲ ವಾರದ ಸಹಪಾಠಿ ಬಳಿದಿದ್ದ ಹಸಿರು ನಿಲುವಂಗಿಗೂ ಸುತ್ತಲಿನ ಕೆಮ್ಮಣ್ಣಿಗೂ ಇದ್ದ ಭೇದ ಅಂಥವರ ಕಣ್ಣಿಗೆ ಬಹುಪಾಲು ಕರಗಿಹೋಗುತ್ತಿತ್ತು. ವರ್ಣವನ್ನು ನೆಚ್ಚದೆ ವ್ಯಾಲ್ಯೂವನ್ನು ನೆಚ್ಚಿದ ಈ ಜೋಡಿಗೆ ಆ ಭಯವಿರಲಿಲ್ಲ.

ಆಕೃತಿಯ ಬಗ್ಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಕೆರೆ ಅಡ್ಡಕ್ಕೆ ಹರಡುತ್ತದೆ, ಬೋರ್ ಉದ್ದಕ್ಕೆ ಇಳಿಯುತ್ತದೆ. ಆದ್ದರಿಂದ ಹುಡುಗಿಯ ನಿಲುವು ಏರಿಯಂತೆ ಅಗಲ, ಅವನದು ರಿಗ್ ಕಂಬದಂತೆ ನೇರ. ಕಪ್ಪು ನೆರಳಾಕೃತಿಯಾಗಿ ತುಂಬಿ, ಉಗುರಿನಷ್ಟು ಚಿಕ್ಕದು ಮಾಡಿ ನೋಡಿದಾಗಲೂ ಇಬ್ಬರೂ ಬೇರೆ ಬೇರೆಯಾಗಿ ಗುರುತು ಸಿಕ್ಕರು.

ತೊಡಕು ಬಂದದ್ದು ಕಲ್ಲಿನ ಪುಡಿಯಲ್ಲಿ. ಬೋರ್ ಕೊರೆಯುವ ದೃಶ್ಯದಲ್ಲಿ ಖಳನ ಮೇಲೆ ಕೂರುವ ಪುಡಿಗೆ ಅವಳು ಅಚ್ಚ ಬೂದುಬಣ್ಣ ಹಚ್ಚಿದ್ದಳು. ಫೈಲಿನಲ್ಲಿ ಅಳೆದರೆ ಅದರಲ್ಲಿ ನೀಲಿಯ ಸುಳಿವೂ ಇರಲಿಲ್ಲ, ಆದರೆ ಕೆಮ್ಮಣ್ಣಿನ ಹಿನ್ನೆಲೆಯ ಮುಂದೆ ನಿಲ್ಲಿಸಿದರೆ ಎಲ್ಲರ ಕಣ್ಣಿಗೂ ಅದು ನೀಲಿಯಾಗಿ ಕಂಡಿತು. ಮೊದಲ ಹಂತದ ಮಾತುಗಳಲ್ಲೇ ಇಬ್ಬರು “ಅವನ ಮೈಮೇಲೆ ನೀರು ಬಿದ್ದ ಹಾಗಿದೆ” ಎಂದರು. ನೀರಿಲ್ಲದ ಬಣ್ಣವೇ ನೀರಿನಂತೆ ಕಂಡರೆ ಚಿತ್ರದ ಬೆನ್ನೆಲುಬೇ ಮುರಿದಂತೆ. ಇದು ಕಣ್ಣಿನ ಹಳೆಯ ಗುಣ. ಪ್ಯಾರಿಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್‌ಗೆ, ಕಪ್ಪು ದಾರ ಸಾಕಷ್ಟು ಕಪ್ಪಗಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ದಾರದಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿದ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಪಕ್ಕದ ಬಣ್ಣ ತನ್ನ ವಿರುದ್ಧ ಬಣ್ಣವನ್ನು ನೆರೆಯವನ ಮೇಲೆ ಹಾಯಿಸುತ್ತದೆ ಎಂಬ ಆ ವಿಚಾರವನ್ನು ಅವನು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದ. ವಿನ್ಯಾಸಕಿ ಬೂದಿಗೆ ಒಂದಿಷ್ಟು ಕಿತ್ತಳೆ ಬೆರೆಸಿದಳು. ಈಗ ಫೈಲಿನಲ್ಲಿ ಅದು ಮಣ್ಣಿನ ಛಾಯೆಯ ಬೂದಿ, ಕಣ್ಣಿಗೆ ಮಾತ್ರ ಒಣ ಕಲ್ಲುಪುಡಿ.

ಆಗ ಗಮನಿಸಿದ ಒಂದು ಸಂಗತಿಯನ್ನು ವಿಮರ್ಶೆ ಮಾಡುವವರು ನೆನಪಿಡಬೇಕೆಂದು ಬಯಸುತ್ತೇನೆ. “ನೀರು ಬಿದ್ದ ಹಾಗಿದೆ” ಎಂದವರು ಬೂದಿ ಸರಿಯಿಲ್ಲ ಎಂದೂ ಹೇಳಲಿಲ್ಲ, ಕಿತ್ತಳೆ ಬೆರೆಸು ಎಂದೂ ಹೇಳಲಿಲ್ಲ. ತಮಗೆ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಆ ಒಂದು ಮಾತಿನಿಂದ ಅವಳಿಗೆ ದೋಷ ಎಲ್ಲಿದೆ ಎಂದು ತಿಳಿಯಿತು, ಪರಿಹಾರ ಅವಳೇ ಹುಡುಕಿಕೊಂಡಳು. ಮೊದಲ ವಾರದ “ಕೆಂಪು ಜಾಸ್ತಿ” ಎಂಬ ಮಾತಿಗೂ ಇದಕ್ಕೂ ಇರುವ ದೂರವನ್ನು ಅಳೆದರೆ ನಾವು ಆ ಐದು ವಾರಗಳಲ್ಲಿ ಕಲಿತದ್ದೆಲ್ಲ ಅದರಲ್ಲಿದೆ. ಮತ್ತೆ, ಕಲ್ಪನೆ ಗಟ್ಟಿಯಾಗುವವರೆಗೆ ಬಣ್ಣದ ಬಗ್ಗೆ ಒಳ್ಳೆಯ ಸಲಹೆ ಕೊಡುವುದೇ ಸಾಧ್ಯವಿಲ್ಲ ಎಂಬುದನ್ನೂ ನನ್ನ ಅದಲುಬದಲಿನ ಸಲಹೆ ತೋರಿಸಿತ್ತು. ನೀರು ಮತ್ತು ಒಣಗುವಿಕೆ ಎಂಬ ಅಳತೆಗೋಲು ಸಿಕ್ಕಿದ ಮೇಲೆ ಯಾವ ಬಣ್ಣ ಸರಿ, ಯಾವುದು ತಪ್ಪು ಎಂದು ನಿರ್ಧರಿಸಲು ಯಾರ ಅಭಿರುಚಿಯೂ ಬೇಕಾಗಲಿಲ್ಲ. ತಪ್ಪಿದ್ದು ತಾನಾಗಿಯೇ ತಪ್ಪಾಗಿ ಕಂಡಿತು. ನಾಯಕಿಯ ಮೂಗುಬೊಟ್ಟಿಗೆ ಅವಳು ಇಟ್ಟಿದ್ದ ಒಂದು ಚುಕ್ಕೆ ನೀಲಿಯನ್ನು ಉಳಿಸಬೇಕೆಂದು ನಾವು ಮೂವರು ಹೇಳಿದರೂ ಅವಳೇ ತೆಗೆದುಹಾಕಿದಳು. ನೀಲಿ ಇಡೀ ಚಿತ್ರದಲ್ಲಿ ಒಮ್ಮೆ ಮಾತ್ರ, ಕೊನೆಯಲ್ಲಿ ತೂಬು ತೆರೆದಾಗ ಬರಬೇಕು ಎಂದು ಅವಳು ನಿರ್ಧರಿಸಿದ್ದಳು.

ಜ್ಯೂರಿಯ ದಿನ

ಅಂಕ ಕೊಡುವ ಅಂತಿಮ ಜ್ಯೂರಿಗೆ ಹೊರಗಿನಿಂದ ಇಬ್ಬರು ಬಂದಿದ್ದರು. ಒಬ್ಬರು ಖಳನ ಹಾಳೆಯ ಮುಂದೆ ನಿಂತು, “ಇವನನ್ನ ನಾನು ನೋಡಿದ್ದೀನಮ್ಮ, ನಮ್ಮೂರಲ್ಲೇ ಇದ್ದಾನೆ” ಎಂದರು. ಇನ್ನೊಬ್ಬರಿಗೆ ಒಪ್ಪಿಗೆಯಾಗಲಿಲ್ಲ, ಮಕ್ಕಳು ನೋಡುವ ಚಿತ್ರದಲ್ಲಿ ಖಳ ಮೊದಲ ನೋಟಕ್ಕೇ ಖಳ ಎಂದು ತಿಳಿಯಬೇಕು, ಇವನು ತಿಳಿಯುವುದಿಲ್ಲ ಎಂಬುದು ಅವರ ಆಕ್ಷೇಪ. ವಿನ್ಯಾಸಕಿ, “ಸರ್, ನಮ್ಮೂರಿಗೂ ಮೊದಲ ನೋಟಕ್ಕೆ ತಿಳೀಲಿಲ್ಲ” ಎಂದಳು. ಅವರು ಅಂಕ ಕಡಿಮೆಯೇ ಕೊಟ್ಟರು. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗೆ ಈಗಲೂ ಅನಿಸುತ್ತದೆ. ಐದು ನಿಮಿಷದಲ್ಲಿ ಮುಗಿಯುವ ಚಿತ್ರಕ್ಕೆ ನಿಧಾನವಾಗಿ ಬಯಲಾಗುವ ಖಳ ದುಬಾರಿಯಾಗಬಹುದು. ಅವಳು ಆ ಬೆಲೆಯನ್ನು ತಿಳಿದೇ ತೆತ್ತಳು.

ನಾವು ಯಾರೂ ಮುಂದಾಗಿ ಕಾಣದ ಕೊರತೆಯೊಂದು ಅಂದು ಎದುರಾಯಿತು. ಸೆಮಿನಾರ್ ಹಾಲಿನ ಕಿಟಕಿಗಳಿಗೆ ಪರದೆಯಿರಲಿಲ್ಲ, ಮಧ್ಯಾಹ್ನದ ಬೆಳಕಿನಲ್ಲಿ ಪ್ರೊಜೆಕ್ಟರ್ ಗಾಢ ಬಣ್ಣಗಳನ್ನೆಲ್ಲ ಮೇಲಕ್ಕೆಳೆದು ಮಂಕಾಗಿಸಿತು, ನೆನೆದ ಮಣ್ಣು ಅರ್ಧ ಒಣಗಿದಂತೆ ಕಂಡಿತು. ಚಿತ್ರದ ಕೆಲಸ ಮುಂದುವರಿದಾಗ ಅವಳು ಖಳನ ಧೂಳಿನ ಬಣ್ಣವನ್ನು ಹಾಗೆಯೇ ಬಿಟ್ಟು, ಲಂಗದ ಕೆಮ್ಮಣ್ಣನ್ನು 29ರಿಂದ 22ಕ್ಕೆ ಇಳಿಸಿ, ಅದಕ್ಕೆ ಇನ್ನೂ ಸ್ವಲ್ಪ ಕೆಂಪು ತುಂಬಿದಳು. ಬಣ್ಣದ ಹಾಳೆಯ ಕೆಳಗೆ, ಮುಂದೆ ಅನಿಮೇಟ್ ಮಾಡುವವರಿಗಾಗಿ, ಪೆನ್ಸಿಲಿನಲ್ಲಿ ಒಂದು ಸೂಚನೆ ಬರೆದಿದ್ದಾಳೆ: ಹುಡುಗಿ ಏರಿಯಿಂದ ಇಳಿದು ಅವನ ಅಂಗಳಕ್ಕೆ ಬರುವ ದೃಶ್ಯದಲ್ಲಿ ಲಂಗದ ಅಂಚು ಮೂರು ಹಂತಗಳಲ್ಲಿ ಒಣಗಬೇಕು, ಮೂರನೆಯ ಹಂತದ ಬಣ್ಣ ಅವನ ಪಂಚೆಯ ಬಣ್ಣವೇ ಆಗಿರಬೇಕು.